ಇನ್ನು ನಾಲ್ಕು ದಿನಕ್ಕೆ ಸಾಕಾಗುವಷ್ಟು ಫೋಟೋಗಳು

ಓದಲು ವಿದೇಶಕ್ಕೆ ಹೋದ ಮಕ್ಕಳ ತಂದೆತಾಯಿಯರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ತರುವ ದೂರು ಬಹುತೇಕ ಒಂದೇ ಆಗಿರುತ್ತದೆ: ಮಗ ದಿನವೂ ಫೋಟೋ ಕಳಿಸುತ್ತಾನೆ, ಆದರೆ ಸರಿಯಾಗಿ ಮಾತನಾಡುವುದಿಲ್ಲ. ಬಾಗಲಕೋಟೆಯಂತಹ ಊರಿನಲ್ಲಿಯೂ ಇಂತಹ ಪ್ರಕರಣಗಳು ಮರುಕಳಿಸುತ್ತಿರುವುದರಿಂದ ಅವುಗಳಲ್ಲಿ ಒಂದನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ವಿದ್ಯಾರ್ಥಿಯ ಮತ್ತು ಅವನ ತಂದೆಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿಯ ಮನೆ ನವನಗರದಲ್ಲಿದೆ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಾಗ ಮನೆಯನ್ನೇ ಅಡವಿಟ್ಟು ಸಾಲ ತೆಗೆದರು. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೋಗಳನ್ನು ಅಲ್ಲಿಯ ಖಾತೆಯೊಂದರಲ್ಲಿ ಮುಂಗಡವಾಗಿ ಇಡಬೇಕಾಗಿತ್ತು. ಅದರಿಂದ ತಿಂಗಳಿಗೆ 992 ಯೂರೋಗಿಂತ ಹೆಚ್ಚು ತೆಗೆಯುವಂತಿಲ್ಲ. ಅಕ್ಟೋಬರಿನಲ್ಲಿ ಬಂಧುಬಳಗವೆಲ್ಲ ಬಸ್‌ಸ್ಟ್ಯಾಂಡಿಗೆ ಬಂದು ಹಾರ ಹಾಕಿ ಕಳಿಸಿತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ, ದೋಹಾದಲ್ಲಿ ಇಳಿದು ಮತ್ತೊಂದು ವಿಮಾನ, ಫ್ರಾಂಕ್‌ಫರ್ಟಿನಿಂದ ರೈಲು. ಶನಿವಾರ ರಾತ್ರಿ ಕೋಣೆ ಸೇರಿದವನು ಬೆಳಗ್ಗೆ ಎದ್ದು ಹಾಲು ತರಲು ಹೊರಟರೆ ಒಂದು ಅಂಗಡಿಯೂ ತೆರೆದಿರಲಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳನ್ನು ಮುಚ್ಚಬೇಕೆಂಬುದು ಕಾನೂನು. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳಂತಹ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಹಿಂದಿನ ರಾತ್ರಿ ತಾನು ಇಳಿದ ನಿಲ್ದಾಣದಲ್ಲಿಯೇ ಹಾಲು ಸಿಗುತ್ತಿತ್ತು ಎಂಬುದು ಅವನಿಗೆ ತಿಳಿದಿರಲಿಲ್ಲ. ಆ ದಿನವನ್ನು ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯಲ್ಲಿ ಕಳೆದ. ಖಾಲಿ ಬೀದಿ, ಮೋಡ ಮುಸುಕಿದ ಆಕಾಶ, ಎದುರಾದರೂ ಮಾತನಾಡಿಸದ ಜನ: ಆ ನಗರ ಅವನಿಗೆ ಮೊದಲು ಕಂಡದ್ದು ಹೀಗೆ.

ಅವನು ನನ್ನೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡತೊಡಗಿದ್ದು ಡಿಸೆಂಬರಿನಲ್ಲಿ. ಮೊದಲ ಭೇಟಿಗಳಲ್ಲಿ ಅವನು ಹೇಳಿದ್ದು ನಿದ್ದೆಯ ತೊಂದರೆಯೊಂದನ್ನೇ. ನನಗೂ ಅದು ಹವಾಮಾನದ ಸಮಸ್ಯೆಯಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದು ತಾಸು ಇರುತ್ತದೆ, ಅಲ್ಲಿ ಅದು ಎಂಟು ತಾಸಿಗೆ ಇಳಿದು ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಒಮ್ಮೆ ಮಾತಿನ ನಡುವೆ, 'ನಿಮ್ಮ ತಂದೆಯವರು ತೋರಿಸಿದ ಚಿತ್ರಗಳಲ್ಲಿ ನೀವು ಊರೆಲ್ಲ ಸುತ್ತಿದ ಹಾಗಿದೆಯಲ್ಲ' ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ:

'ಆ ಫೋಟೋ ಇನ್ನ ನಾಕ ದಿನಕ್ಕ ಸಾಕಾಗ್ತಾವ್ರಿ ಮೇಡಮ್. ಆಮ್ಯಾಲೆ ಏನ ಕಳಸಬೇಕು ತಿಳೀವಲ್ದು.'

ವಿಚಾರಿಸಿದಾಗ ವಿಷಯ ಹೊರಬಿತ್ತು. ನವೆಂಬರಿನ ಒಂದು ದಿನ ಅವನು ಬ್ಯಾಗಿನಲ್ಲಿ ಎರಡು ಜಾಕೆಟ್, ಮೂರು ಶರ್ಟು ಇಟ್ಟುಕೊಂಡು ನಗರವನ್ನೆಲ್ಲ ಸುತ್ತಿ, ಅಲ್ಲಲ್ಲಿ ಬಟ್ಟೆ ಬದಲಿಸಿ, ಹತ್ತಾರು ಚಿತ್ರ ತೆಗೆದುಕೊಂಡಿದ್ದ. ಆ ಮೇಲೆ ದಿನಕ್ಕೆ ಎರಡರಂತೆ ಅವುಗಳನ್ನು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತ, ತರಗತಿಗೂ ಸರಿಯಾಗಿ ಹೋಗದೆ ಕೋಣೆಯಲ್ಲಿಯೇ ಇದ್ದ. ಕಾಕಾ, ಮಾಮಾ, ಅತ್ತೆ ಎಲ್ಲರೂ ಹೆಬ್ಬೆರಳೆತ್ತಿ ಮೆಚ್ಚುತ್ತಿದ್ದರು.

ಚಿತ್ರಗಳು ಮುಗಿದ ಮೇಲೆ ಏನು ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ ಎಂದು ತಿಳಿದ ಕೂಡಲೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುತ್ತದೆ ಎಂಬ ಭಯ ನಮ್ಮ ಜನರಲ್ಲಿದೆ. ಅದು ತಪ್ಪು, ಕೇಳಿದರೆ ಮನಸ್ಸು ಹಗುರಾಗುವುದೇ ಹೆಚ್ಚು. ಅವನು 'ಇಲ್ರಿ, ವಾಪಸ್ ಬರಬೇಕ ಅನಸ್ತೈತಿ, ಆದ್ರ ಮನಿ ಅಡಾ ಐತಲ್ರಿ' ಎಂದ.

ಆ ದಿನ ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಎರಡು. ಫೋಟೋ ಕಳಿಸುವುದನ್ನು ಅಂದೇ ನಿಲ್ಲಿಸಿ, ಗುಂಪಿನಲ್ಲಿ ಅಲ್ಲದೆ ತಂದೆಯೊಬ್ಬರಿಗೇ ಕರೆ ಮಾಡಿ ನಿಜವನ್ನು ಹೇಳಬೇಕು. ಮರಳಿ ಬರುವ ನಿರ್ಧಾರವನ್ನು ಫೆಬ್ರವರಿಯ ಪರೀಕ್ಷೆಗಳು ಮುಗಿಯುವವರೆಗೆ ತೆಗೆದುಕೊಳ್ಳಬಾರದು. ಆಗಲೂ ಬರಬೇಕೆನಿಸಿದರೆ ಸಾಲದ ಮಾತನ್ನು ಮನೆಯವರೊಂದಿಗೆ ಆಡಲು ನಾನೇ ಜೊತೆಗಿರುತ್ತೇನೆ. ಇವುಗಳ ಜೊತೆಗೆ, ಅಲ್ಲಿಯ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯಾದ ಸ್ಟುಡೆಂಟೆನ್‌ವೆರ್ಕ್ ನಡೆಸುವ ಆಪ್ತಸಲಹಾ ಕೇಂದ್ರಕ್ಕೆ ಹೋಗಲು, ಮತ್ತು ಹಗಲ ಬೆಳಕಿರುವಾಗ ದಿನವೂ ಹೊರಗೆ ನಡೆಯಲು ಹೇಳಿದೆ.

ಮೊದಲನೆಯ ಸಲಹೆಯನ್ನು ನನ್ನ ವೃತ್ತಿಯ ಗೆಳತಿಯೊಬ್ಬರು ಒಪ್ಪಲಿಲ್ಲ. ಮನೆ ಅಡವಿಟ್ಟು ಕುಳಿತ ತಂದೆಗೆ ಈ ಸುದ್ದಿ ಹೇಳಿಸುವುದು ಕ್ರೌರ್ಯ, ಹುಡುಗ ಸುಧಾರಿಸಿಕೊಂಡ ಮೇಲೆ ಹೇಳಿದರಾಯಿತು ಎಂಬುದು ಅವರ ವಾದ. ನಾನು ಈಗಲೂ ಒಪ್ಪುವುದಿಲ್ಲ. ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿದ್ದು ಚಳಿಯೂ ಅಲ್ಲ, ಜರ್ಮನ್ ಭಾಷೆಯೂ ಅಲ್ಲ. ತಾನು ಸಂತೋಷವಾಗಿದ್ದೇನೆಂದು ದಿನವೂ ಪುರಾವೆ ಒದಗಿಸಬೇಕಾದ ಕೆಲಸ. ಹೋದ ಹೊಸದರಲ್ಲಿ ಎಲ್ಲವೂ ಚೆಂದ, ಬೇಸರವೇನಿದ್ದರೂ ಆ ಮೇಲೆ ಎಂಬ ನಂಬಿಕೆ ಪುಸ್ತಕಗಳಲ್ಲಿಯೂ ಇದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಲೀಸ್‌ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿ ಬಂದ ತನ್ನ ದೇಶದವರನ್ನು ಮಾತನಾಡಿಸಿ, ಹೊಂದಾಣಿಕೆ ಆರಂಭದಲ್ಲಿ ಚೆನ್ನಾಗಿದ್ದು, ನಡುವೆ ಕುಸಿದು, ಮತ್ತೆ ಏರುತ್ತದೆ ಎಂದು ಬರೆದ. ಆದರೆ ಮನಶ್ಶಾಸ್ತ್ರಜ್ಞೆ ಕೊಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದಿಳಿದಾಗಿನಿಂದ ಒಂದು ವರ್ಷದವರೆಗೆ ಗಮನಿಸಿದಾಗ, ಅತಿ ಹೆಚ್ಚು ಕಷ್ಟಪಟ್ಟದ್ದು ಬಂದಿಳಿದ ಹೊತ್ತಿನಲ್ಲಿಯೇ ಎಂದು ತಿಳಿದುಬಂತು. ಈ ಮಾತನ್ನು ಹಾರ ಹಾಕಲು ಬರುವ ಬಂಧುಗಳಿಗೆ ಮೊದಲೇ ಹೇಳಿದ್ದರೆ ನನ್ನಂತಹವರ ಕೆಲಸ ಎಷ್ಟೋ ಕಡಿಮೆಯಾಗುತ್ತಿತ್ತು.

ಎರಡನೆಯ ಸಲಹೆಗೂ ಆಕ್ಷೇಪ ಬಂದಿದೆ: ಬ್ಯಾಂಕಿನ ಸಾಲಕ್ಕಾಗಿ ಹುಡುಗನನ್ನು ಅಲ್ಲಿಯೇ ಕಟ್ಟಿಹಾಕಿದಿರಿ ಎಂದು. ವಾರಗಟ್ಟಲೆ ನಿದ್ದೆಗೆಟ್ಟವನು ಮಾಡುವ ತೀರ್ಮಾನ ನಿದ್ದೆಗೇಡಿನ ತೀರ್ಮಾನವೇ ಆಗಿರುತ್ತದೆ. ಅವಧಿ ಗೊತ್ತಿದ್ದರೆ ಕಷ್ಟವನ್ನು ತಾಳಿಕೊಳ್ಳಬಹುದು, ಅದಕ್ಕಾಗಿ ತಿಂಗಳನ್ನು ಹೆಸರಿಸಿದೆ.

ತಂದೆಯೊಂದಿಗೆ ಆದ ಮಾತನ್ನು ಅವನು ಮುಂದಿನ ಭೇಟಿಯಲ್ಲಿ ಹೇಳಿದ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ಬಂದ ಕುಟುಂಬ ಅವರದು. 'ಮುಳುಗಡಿ ಆಗಿ ನವನಗರಕ್ಕ ಬಂದಾಗ ನನಗೂ ಹಿಂಗಾ ಆಗಿತ್ತಪಾ. ಎಲ್ಲಾ ಸೆಕ್ಟರ್ ಒಂದಾ ನಮೂನಿ ಕಾಣತಿದ್ದು. ಅಂಗಡಿ ಮುಚ್ಚಿ ಹಳೇ ಊರಾಗ ಹೋಗಿ ಕುಂದರತಿದ್ದೆ, ನಿಮ್ಮವ್ವಗ ಗಿರಾಕಿ ಬಾಳ ಇದ್ರು ಅಂತ ಹೇಳತಿದ್ದೆ' ಎಂದರಂತೆ. ಮಗನಿಗೆ ಇದು ಅದುವರೆಗೆ ಗೊತ್ತಿರಲಿಲ್ಲ. ಆ ಬಳಿಕ ಅವರು ಕೇಳಿದ್ದು ಸಾಲದ ಬಗ್ಗೆ ಅಲ್ಲ, ಹಾಲು ಎಲ್ಲಿ ಸಿಗುತ್ತದೆ, ಎಷ್ಟು ದೂರ, ಅಂಗಡಿಯವನಿಗೆ ನಿನ್ನ ಗುರುತಾಗಿದೆಯೇ ಎಂದು.

ಅವನು ಫೆಬ್ರವರಿಯಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣನಾದ, ಉಳಿದವುಗಳಲ್ಲಿ ಪಾಸಾದ, ಅಲ್ಲಿಯೇ ಇರುತ್ತೇನೆಂದು ತಾನೇ ತೀರ್ಮಾನಿಸಿದ. ನಗರ ಇಷ್ಟವಾಯಿತೇ ಎಂದು ನಾನು ಕೇಳಿಲ್ಲ.

ಮಕ್ಕಳನ್ನು ಕಳಿಸಲಿರುವ ಪಾಲಕರು ಬಂದಾಗ ನಾನೀಗ ಫೋಟೋ ಕೇಳಬೇಡಿರೆಂದು ಮೊದಲೇ ಹೇಳುತ್ತೇನೆ; ಆ ತಂದೆ ಕೇಳಿದಂತಹ ಪ್ರಶ್ನೆಗಳನ್ನು ಕೇಳಲು ತಿಳಿಸುತ್ತೇನೆ. ಮಕ್ಕಳ ಚಿಂತೆಯಲ್ಲಿ ಪಾಲಕರಿಗೇ ನಿದ್ದೆ ಬಾರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.