ಓದುಗರ ಪ್ರಶ್ನೆ: ಯುದ್ಧದ ಚಿತ್ರಗಳು ಮನಸ್ಸಿಗೆ ಏನು ಮಾಡುತ್ತವೆ?

ಪ್ರಶ್ನೆ: ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮಗ ಟಿ.ವಿ.ಯಲ್ಲಿ ‘ಬಾರ್ಡರ್’ ಚಿತ್ರ ಬಂದಾಗಲೆಲ್ಲ ತಪ್ಪದೆ ನೋಡುತ್ತಾನೆ. ಈಚೆಗೆ, ಇನ್ನೊಂದು ಯುದ್ಧ ಆಗಲೇಬೇಕು ಎನ್ನತೊಡಗಿದ್ದಾನೆ. ಇಂಥ ಚಿತ್ರಗಳು ಜನರಲ್ಲಿ ಮೊದಲೇ ಇರುವ ಭಾವನೆಯನ್ನು ತೋರಿಸುತ್ತವೆಯೋ, ಹೊಸದಾಗಿ ಬಿತ್ತುತ್ತವೆಯೋ? ಅವನನ್ನು ತಡೆಯಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡನ್ನೂ ಮಾಡುತ್ತವೆ. ಯುದ್ಧದ ಚಿತ್ರವೊಂದು ಯುದ್ಧ ನಡೆದ ವರ್ಷಕ್ಕಿಂತ ಹೆಚ್ಚಾಗಿ ತಾನು ತೆರೆಕಂಡ ವರ್ಷದ ಮನಸ್ಸನ್ನು ಹೇಳುತ್ತದೆ. ಚೇತನ್ ಆನಂದ್ ಅವರ ‘ಹಕೀಕತ್’ ಬಂದದ್ದು 1964ರಲ್ಲಿ, ಚೀನಾದೆದುರು ಸೋತ ಎರಡೇ ವರ್ಷಗಳಲ್ಲಿ. ನೋವು ಇನ್ನೂ ಆರದಿದ್ದ ದೇಶಕ್ಕೆ ಅದು ಗೆಲುವಿನ ಕಥೆ ಹೇಳಲಿಲ್ಲ. ಲಡಾಖಿನ ಚಳಿಯಲ್ಲಿ ಹಿಂದೆ ಸರಿಯುತ್ತ ಸಾಯುವ ಯೋಧರನ್ನು ತೋರಿಸಿ, ಸೋಲು ಅವರದಲ್ಲ ಎಂಬ ಸಮಾಧಾನವನ್ನು ಕೊಟ್ಟಿತು. ಜೆ.ಪಿ. ದತ್ತಾ ಅವರ ‘ಬಾರ್ಡರ್’ 1997ರಲ್ಲಿ, ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ, 1971ರ ಗೆಲುವನ್ನು ಆರಿಸಿಕೊಂಡಿತು.

ಆದರೆ ಬಿತ್ತುವ ಕೆಲಸ ನಡೆಯುವುದು ಬೇರೆ ಕಡೆ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರೊಂದಿಗೆ ಇದ್ದವರು ಸುಮಾರು 120 ಮಂದಿ. ಪಾಕಿಸ್ತಾನದ ಟ್ಯಾಂಕುಗಳನ್ನು ಅವರು ರಾತ್ರಿಯಿಡೀ ತಡೆದರು. ಬೆಳಕು ಹರಿದೊಡನೆ ಜೈಸಲ್ಮೇರ್‌ನಿಂದ ಬಂದ ವಾಯುಪಡೆಯ ಹಂಟರ್ ವಿಮಾನಗಳು ಆ ಟ್ಯಾಂಕುಗಳನ್ನು ಧ್ವಂಸಮಾಡಿದವು. ನಮ್ಮ ಕಡೆ ಸತ್ತವರು ಇಬ್ಬರು. ಚಿತ್ರದಲ್ಲಾದರೋ ಮುಖ್ಯ ಪಾತ್ರಗಳೇ ಒಂದರ ಹಿಂದೊಂದು ಬೀಳುತ್ತವೆ. ಸುನಿಲ್ ಶೆಟ್ಟಿ ಅಭಿನಯಿಸಿದ ಭೈರೋನ್ ಸಿಂಗ್ ಪಾತ್ರ ಟ್ಯಾಂಕಿನೆದುರು ಪ್ರಾಣ ಕೊಡುತ್ತದೆ. ಆ ಹೆಸರಿನ ನಿಜವಾದ ಯೋಧ, ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್, ಹೋರಾಡಿ ಬದುಕುಳಿದು, ಸೇನಾ ಪದಕ ಪಡೆದು, 2022ರ ಡಿಸೆಂಬರ್‌ವರೆಗೂ ನಮ್ಮ ನಡುವೆ ಇದ್ದರು. ಸತ್ತವರ ಸಂಖ್ಯೆ ಹೆಚ್ಚಿಸಿದರೆ ಶೌರ್ಯವೂ ಹೆಚ್ಚುತ್ತದೆ ಎಂಬ ಈ ಎಣಿಕೆಯೇ ನನಗೆ ಅತ್ಯಂತ ಅಪಾಯಕಾರಿಯಾಗಿ ಕಾಣುತ್ತದೆ, ಏಕೆಂದರೆ ತನ್ನ ಜನರನ್ನು ಬದುಕಿಸಿಕೊಂಡು ಗೆದ್ದ ನಾಯಕನ ಜಾಣ್ಮೆ ಇದರಲ್ಲಿ ಮರೆಯಾಗಿ, ಸಾವೇ ದೇಶಭಕ್ತಿಯ ಅಳತೆಯಾಗುತ್ತದೆ. ಸೈನ್ಯವನ್ನು ಹತ್ತಿರದಿಂದ ಕಾಣದ ಮನೆಗಳಲ್ಲಿ ಈ ಅಳತೆಯನ್ನು ಪ್ರಶ್ನಿಸುವವರೂ ಇರುವುದಿಲ್ಲ.

ತೆರೆಯ ಮಾತು ಹೊರಗೆ ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ 2019ರ ಜನವರಿಯಲ್ಲಿ ಬಿಡುಗಡೆಯಾದ ‘ಉರಿ’ ಸಾಕು. ಅದರ ‘ಹೌ ಈಸ್ ದ ಜೋಶ್’ ಎಂಬ ಸಂಭಾಷಣೆಯನ್ನು ಅದೇ ತಿಂಗಳು ಮುಂಬೈಯ ಸಭೆಯೊಂದರಲ್ಲಿ ಸ್ವತಃ ಪ್ರಧಾನಿಯವರೇ ಆಡಿದರು.

ಮಗನನ್ನು ತಡೆಯಬೇಡಿ; ತಡೆದರೆ ನಿಮ್ಮಿಂದ ಮರೆಮಾಡಿ ನೋಡುತ್ತಾನೆ, ಅಷ್ಟೆ. ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ ಚಾಂದ್‌ಪುರಿ ಮತ್ತು ರಾಠೋಡ್ ಅವರ ನಿಜವಾದ ಕಥೆಯನ್ನು ಹೇಳಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ವನ್ನೂ (1990) ತೋರಿಸಿ. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ಅವನ ಪತ್ನಿಯಾಗಿ ಸುಹಾಸಿನಿ ನಟಿಸಿರುವ ಆ ಚಿತ್ರದಲ್ಲಿ ಯುದ್ಧದ ಬೆಲೆಯನ್ನು ಸೈನಿಕನ ಮನೆಯೂ ತೆರುತ್ತದೆ. ಅದನ್ನು ನೋಡಿದ ಬಳಿಕವೂ ಮಗ ಯುದ್ಧ ಬೇಕೆಂದರೆ, ಯಾರ ಮನೆಯವರು ಹೋಗಬೇಕು ಎಂದು ಅವನನ್ನೇ ಕೇಳಿ, ಅವನ ಉತ್ತರವನ್ನು ತಾಳ್ಮೆಯಿಂದ ಆಲಿಸಿ.