ಫಸ್ಟ್ ಹಾಕಿದರೆ ಥರ್ಡಿಗೆ ಬೀಳುತ್ತಿದೆ, ಗೇರ್‌ಬಾಕ್ಸ್ ಇಳಿಸಲೇಬೇಕಾ?

ಪ್ರಶ್ನೆ: ನನ್ನದು 11 ವರ್ಷ ಹಳೆಯ, 5 ಗೇರಿನ ಸಣ್ಣ ಪೆಟ್ರೋಲ್ ಕಾರು. ಮಳೆಗಾಲದಿಂದಲೂ ಗೇರ್ ಲಿವರ್ ಲೂಸಾಗಿ ಓಲಾಡುತ್ತಿತ್ತು. ಈಗ ಒಂದು ವಾರದಿಂದ ಫಸ್ಟ್ ಹಾಕಿದರೆ ಥರ್ಡಿಗೆ ಹೋಗಿ ಕೂರುತ್ತದೆ, ರಿವರ್ಸ್ ಬೀಳುವುದೇ ಇಲ್ಲ. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಬೇಕು, 22 ಸಾವಿರ ಆಗುತ್ತದೆ ಅಂದರು. ನನ್ನ ಕೈಯಲ್ಲಿರುವುದು 5 ಸಾವಿರ. ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಬೇಕು. ಏನು ಮಾಡಲಿ ಸರ್?
ಒಬ್ಬ ಓದುಗ, ಮೂಡಿಗೆರೆ

ಉತ್ತರ: ಸದ್ಯಕ್ಕೆ ಗೇರ್‌ಬಾಕ್ಸಿಗೆ ಕೈ ಹಾಕಿಸಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ.

ಈಗಿನ ಸಣ್ಣ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತವೆ. ಒಂದು ಲಿವರಿನ ಎಡ–ಬಲ ಚಲನೆಗೆ, ಇನ್ನೊಂದು ಹಿಂದೆ–ಮುಂದೆ ಚಲನೆಗೆ. ಲಿವರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಸ್ಪ್ರಿಂಗ್ ಅದನ್ನು ಮಧ್ಯಕ್ಕೆ, ಅಂದರೆ ಥರ್ಡ್–ಫೋರ್ತ್ ಸಾಲಿಗೆ ತಂದು ನಿಲ್ಲಿಸುತ್ತದೆ. ಎಡ–ಬಲದ ಕೇಬಲ್ ಕೈಕೊಟ್ಟರೆ ನೀವು ಎಷ್ಟೇ ಎಡಕ್ಕೆ ಎಳೆದರೂ ಗೇರ್‌ಬಾಕ್ಸ್ ಮಧ್ಯದ ಸಾಲಿನಲ್ಲೇ ಇರುತ್ತದೆ. ಅದಕ್ಕೇ ಫಸ್ಟ್ ಅಂತ ಹಾಕಿದ್ದು ಥರ್ಡ್ ಆಗುತ್ತಿದೆ. ನಿಮ್ಮ ಕಾರಿನ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಕೇಬಲಿಗಿಂತ ಮೊದಲು ಸವೆಯುವುದು ಅದರ ತುದಿಯ ಬುಶ್. ಬೆರಳ ತುದಿಯಷ್ಟಿರುವ ಪ್ಲಾಸ್ಟಿಕ್ ಅಥವಾ ರಬ್ಬರ್ ತುಂಡು ಅದು. ಗೇರ್‌ಬಾಕ್ಸಿನ ತೋಳಿನಲ್ಲಿರುವ, ಅಂದರೆ ಕೇಬಲ್ ಆಡಿಸುವ ಸಣ್ಣ ಸನ್ನೆಯಲ್ಲಿರುವ, ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಎಂಜಿನ್ ಬಿಸಿಗೆ ಒಣಗಿ, ಅದರ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಕೆಲವೊಮ್ಮೆ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ.

ನೀವೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ತಣ್ಣಗಾಗಲಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಾನೆಟ್ ಎತ್ತಿದರೆ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಅಥವಾ ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಕೇಬಲ್ ತುದಿಗಳು ಕಾಣುತ್ತವೆ. ಬ್ಯಾಟರಿ ತೆಗೆಯುವುದಾದರೆ ಮೊದಲು ಮೈನಸ್ ಕಡೆಯ ವೈರ್ ಬಿಚ್ಚಿ. ಮನೆಯವರೊಬ್ಬರು ಒಳಗೆ ಕೂತು ಲಿವರನ್ನು ನಿಧಾನಕ್ಕೆ ಎಡ–ಬಲಕ್ಕೆ ಆಡಿಸಲಿ, ನೀವು ಟಾರ್ಚ್ ಹಿಡಿದು ನೋಡಿ. ಕೇಬಲ್ ಹೋಗಿ ಬರುತ್ತಿದೆ, ತೋಳು ಮಾತ್ರ ಅಲುಗುತ್ತಿಲ್ಲ ಅಥವಾ ತಡವಾಗಿ ಅಲುಗುತ್ತಿದೆ ಅಂದರೆ ಬುಶ್ ಹೋಗಿದೆ. ಕೇಬಲ್ಲೇ ಬರುತ್ತಿಲ್ಲ ಅಂದರೆ ಲಿವರಿನ ಕೆಳಗಿನ ಬುಶ್ ನೋಡಬೇಕು, ಇಲ್ಲವೇ ಒಳಗೆ ನೀರು ಇಳಿದು ಕೇಬಲ್ ತುಕ್ಕು ಹಿಡಿದಿರಬಹುದು. ಮಲೆನಾಡಿನ ಮಳೆಗೆ ಇದೂ ಆಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ತಪ್ಪಿಸಬೇಡಿ. ಎರಡೂ ಕೇಬಲ್ ತುದಿ ಬಿಡಿಸಿ, ಗೇರ್‌ಬಾಕ್ಸಿನ ತೋಳುಗಳನ್ನು ಕೈಯಿಂದಲೇ ಆಡಿಸಿ. ಎಡ–ಬಲದ್ದು ಸ್ಪ್ರಿಂಗಿನ ಹಾಗೆ ತಾನೇ ವಾಪಸ್ ಬರಬೇಕು. ಇನ್ನೊಂದು ‘ಟಕ್’ ಅಂತ ಗಟ್ಟಿಯಾಗಿ ಕೂರಬೇಕು. ಹೀಗಿದ್ದರೆ ಗೇರ್‌ಬಾಕ್ಸ್ ಇಳಿಸಲು ಕಾರಣವೇ ಇಲ್ಲ. ಅದೇ ಮೆಕ್ಯಾನಿಕ್‌ಗೆ ಇದನ್ನು ತೋರಿಸಿ, ಜಗಳ ಬೇಡ.

ಬುಶ್ಶಿಗೆ ನೂರರ ಲೆಕ್ಕದಲ್ಲಿ, ಕೇಬಲ್ ಸೆಟ್ಟಿಗೆ ಸಾವಿರದ ಲೆಕ್ಕದಲ್ಲಿ ಖರ್ಚು. ಕೆಲವು ಕಂಪನಿಗಳು ಬುಶ್ ಒಂದನ್ನೇ ಮಾರುವುದಿಲ್ಲ, ಇಡೀ ಕೇಬಲ್ ತಗೊಳ್ಳಿ ಅನ್ನುತ್ತಾರೆ. ಆಗ ಹಳೆಯ ಬುಶ್ ಕೈಯಲ್ಲಿ ಹಿಡಿದು ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ, ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಕೇಳಿಸಿ. ಗುಜರಿ ಕೇಬಲ್ ಮಾತ್ರ ಬೇಡ, ಅದರ ಬುಶ್ಶಿಗೂ ಅಷ್ಟೇ ವಯಸ್ಸಾಗಿರುತ್ತದೆ. ಪ್ಲಾಸ್ಟಿಕ್ ಬುಶ್ ಹತ್ತದಿದ್ದರೆ ಎರಡು ನಿಮಿಷ ಬಿಸಿನೀರಲ್ಲಿಟ್ಟು ಒತ್ತಿ, ಕೂರುತ್ತದೆ. ರಬ್ಬರ್ ಬುಶ್ಶಿಗೆ ಸಿಲಿಕೋನ್ ಗ್ರೀಸ್ ಹಾಕಿ, ಮಾಮೂಲಿ ಗ್ರೀಸಿಗೆ ಕೆಲವು ರಬ್ಬರ್ ಉಬ್ಬುತ್ತದೆ. ಕೇಬಲಿನಲ್ಲಿ ಉದ್ದ ಹೊಂದಿಸುವ ಅಡ್ಜಸ್ಟರ್ ಇದ್ದರೆ ಅದನ್ನು ಮುಟ್ಟುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.

ಬುಶ್ ಹೋದ ಕೇಬಲ್ ತುದಿಯನ್ನು ಕಟ್ಟುತಂತಿಯಲ್ಲಿ ಬಿಗಿದು ಓಡಿಸುವವರನ್ನು ಜಾಸ್ತಿ ನೋಡಿದ್ದೇನೆ. ಗ್ಯಾರೇಜ್ ತಲುಪುವವರೆಗೆ ಸರಿ, ಅದಕ್ಕಿಂತ ಮುಂದೆ ಬೇಡ.

ಗ್ಯಾರೇಜಿನವರ ಮಾತು ನಿಜವಾಗುವ ಸಂದರ್ಭಗಳೂ ಇವೆ. ಓಡುವಾಗ ಹಾಕಿದ ಗೇರ್ ತಾನೇ ಹಾರುವುದು, ಕ್ಲಚ್ ಪೂರ್ತಿ ಒತ್ತಿದರೂ ಒಂದೇ ಗೇರಿಗೆ ಕರಕರ ಸದ್ದು ಬರುವುದು. ಆಗಲೂ ಮೊದಲು ಎಂಜಿನ್ ಮೌಂಟಿಂಗ್, ಗೇರ್ ಆಯಿಲ್ ನೋಡಿಸಿ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಬೀಳಲು ಒದ್ದಾಡಿದರೆ ತೊಂದರೆ ಕ್ಲಚ್ಚಿನದು.

ಇದು ರಿಪೇರಿ ಆಗುವವರೆಗೆ ದಯವಿಟ್ಟು ಚಾರ್ಮಾಡಿ ಇಳಿಯಬೇಡಿ. ಆ ತಿರುವುಗಳಲ್ಲಿ ಸೆಕೆಂಡ್ ಗೇರಿನ ಹಿಡಿತ ಬೇಕೇ ಬೇಕು. ಇಳಿಜಾರಿನಲ್ಲಿ ಸೆಕೆಂಡಿಗೆ ಹಾಕಲು ಹೋಗಿ ಗೇರ್ ಸಿಗದೆ ಕಾರು ನ್ಯೂಟ್ರಲ್‌ನಲ್ಲಿ ಓಡಿದರೆ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಈ ವಾರ ಬಸ್ಸಿನಲ್ಲಿ ಹೋಗಿ ಬನ್ನಿ.