ಅಂಥ ಪೋಲಿಯನ್ನು ಅವಳು ಯಾಕೆ ನಂಬುತ್ತಾಳೆ?

ರೀಜೆನ್ಸಿ ಕಥೆಗಳಲ್ಲಿ, ಅಂದರೆ 19ನೇ ಶತಮಾನದ ಆರಂಭದ ಇಂಗ್ಲೆಂಡಿನ ಪ್ರೇಮಕಥೆಗಳಲ್ಲಿ, ಅಷ್ಟು ಚುರುಕು ಹುಡುಗಿ ಹೆಣ್ಣುಬಾಕನನ್ನು ಮೆಚ್ಚುವುದು ನಂಬೋಕಾಗಲ್ಲ, ನಂಬುವಂಥದ್ದು ಒಂದಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಜಾರ್ಜೆಟ್ ಹೇಯರ್ ಅವರ 'ವೆನೀಶಿಯಾ' (1958) ಕಾದಂಬರಿ ಓದಿ.

ವೆನೀಶಿಯಾಗೆ 25 ವರ್ಷ. ಅಪ್ಪ ಇಲ್ಲ, ಒಬ್ಬ ತಮ್ಮ ಸೈನ್ಯದಲ್ಲಿ. ಯಾರ್ಕ್‌ಶೈರ್‌ನಲ್ಲಿ ಮನೆ, ಜಮೀನು ಎಲ್ಲ ಇವಳೇ ನೋಡಿಕೊಳ್ಳುತ್ತಾಳೆ. ಬ್ಲ್ಯಾಕ್‌ಬೆರಿ ಕೀಳುತ್ತಿದ್ದಾಗ ಪೋಲಿ ಅಂತಲೇ ಹೆಸರಾದ ಲಾರ್ಡ್ ಡಾಮೆರೆಲ್ ಎದುರಾಗಿ, ಕೇಳದೇ ಮುತ್ತಿಡುತ್ತಾನೆ. ಆ ಜಾಗ ನನಗೆ ಇವತ್ತಿಗೂ ಇಷ್ಟವಿಲ್ಲ. ಆದರೆ ಅವಳು ಹೆದರಿ ಅಳುವುದಿಲ್ಲ, ಮಾತಿಗೆ ಮಾತು ಕೊಡುತ್ತಾಳೆ.

ನಂಬಿಕೆ ಹುಟ್ಟುವುದು ಆಮೇಲೆ. ಅವಳ ಕಿರಿಯ ತಮ್ಮ ಆಬ್ರೆಗೆ ಕಾಲು ಊನ, ಪುಸ್ತಕ ಅಂದರೆ ಪ್ರಾಣ. ಅವನು ಕುದುರೆಯಿಂದ ಬಿದ್ದಾಗ ಡಾಮೆರೆಲ್ ತನ್ನ ಮನೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡಿಸುತ್ತಾನೆ. ಅಯ್ಯೋ ಪಾಪ ಅನ್ನುವುದಿಲ್ಲ, ಸಮಾನನಂತೆ ಮಾತಾಡುತ್ತಾನೆ. ಅಕ್ಕ ಅದನ್ನು ಕಣ್ಣಾರೆ ನೋಡುತ್ತಾಳೆ. ಸುಮ್ನೆ ರೂಪಕ್ಕೆ ಮರುಳಾಗುವುದಲ್ಲ ಇದು.

ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ, ಒಡವೆ ಸಾಮಾನ್ಯವಾಗಿ ಗಂಡನ ಪಾಲಾಗುತ್ತಿತ್ತು. ಅದನ್ನು ನೆನಪಿಟ್ಟುಕೊಂಡು ಓದಿ, ಅವಳ ಧೈರ್ಯ ಇನ್ನೂ ಜಾಸ್ತಿ ಕಾಣುತ್ತದೆ. ಅವರಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಗುವ ಜಾಗಗಳನ್ನಂತೂ ಬಿಡಬೇಡಿ.